ಗಾಜಿನ ಮುಚ್ಚಳದ ಕೆಳಗಿನ ಉಸಿರು

ಸ್ವೀಡನ್ನಿಗೆ ಹೋಗಿಬಂದೆ ಅಂದರೆ ನಮ್ಮೂರು ಸಾಗರದ ಜನ ಮೊದಲು ಕೇಳುವುದು ಚಳಿಯ ವಿಷಯ, ಆಮೇಲೆ ಊಟದ ವಿಷಯ. ಎರಡಕ್ಕೂ ನನ್ನ ಹತ್ತಿರ ಉತ್ತರ ಇದೆ, ಆದರೆ ನಾನು ಹೋದದ್ದು ಅದಕ್ಕಲ್ಲ. ನನ್ನ ಅಕ್ಕ ಶಾರದೆಯ ಎರಡೂ ಶ್ವಾಸಕೋಶ ಒಣಗಿದ ಹೀರೇಕಾಯಿ ನಾರಿನ ಹಾಗೆ ಗಟ್ಟಿಯಾಗಿದ್ದವು. ತೀರಿಹೋದ ಯಾರದ್ದಾದರೂ ಒಳ್ಳೆಯ ಶ್ವಾಸಕೋಶ ಸಿಕ್ಕಿ ಕಸಿ ಮಾಡಿದರೆ ಬದುಕು, ಇಲ್ಲದಿದ್ದರೆ ಹೆಚ್ಚು ದಿನ ಇಲ್ಲ ಅಂತ ಅಲ್ಲಿಯ ಡಾಕ್ಟರು ಹೇಳಿಬಿಟ್ಟಿದ್ದರು.

ಅಕ್ಕ ಮದುವೆಯಾದ ಮೇಲೆ ಅಲ್ಲೇ ಇದ್ದಾಳೆ. ಭಾವ ಮಂಡಗದ್ದೆಯವರು. ಚಿಕ್ಕಂದಿನಲ್ಲಿ ತುಂಗೆಯ ನಡುಗಡ್ಡೆಯ ಹಕ್ಕಿ ನೋಡಿ ನೋಡಿ, ಕೊನೆಗೆ ಅದನ್ನೇ ಹೊಟ್ಟೆಪಾಡು ಮಾಡಿಕೊಂಡವರು. ಸ್ವೀಡನ್ನಿನ ಕಡಲತೀರದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ, ಅವು ಎಲ್ಲಿಗೆ ಹೋಗುತ್ತವೆ, ಎಲ್ಲಿಂದ ಬರುತ್ತವೆ ಅಂತ ಬರೆದಿಡುವುದು ಅವರ ಕೆಲಸ. ಅಕ್ಕ ಶಿಶುವಿಹಾರದ ಟೀಚರು. ಅವರಿಗೆ ಮಕ್ಕಳಿಲ್ಲ. ಹಾಗಾಗಿ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ನಾನು ಉದ್ದ ರಜೆ ಹಾಕಿ ಹೊರಟೆ.

ಯಾರ ಶ್ವಾಸಕೋಶ ಯಾರಿಗೆ ಹೋಯಿತು ಅನ್ನುವುದು ಎರಡು ಕಡೆಯವರಿಗೂ ಗೊತ್ತಾಗಬಾರದು ಅನ್ನುವುದು ಅಲ್ಲಿಯ ನಿಯಮ. ಆದ್ದರಿಂದ ಊರಿನ ಹೆಸರು, ತಿಂಗಳು, ತಾರೀಕು ನಾನು ಹೇಳುವುದಿಲ್ಲ. ಸ್ವೀಡನ್ನಿನ ದಕ್ಷಿಣದ ಒಂದು ಊರು, ಸೈಕಲ್ಲುಗಳು ಜಾಸ್ತಿ, ಮಾತು ಕಮ್ಮಿ. ಅಷ್ಟು ಸಾಕು.

ಸಮುದ್ರ ದಾಟುವ ರೈಲು

ವಿಮಾನ ಇಳಿಯುವುದು ಡೆನ್ಮಾರ್ಕಿನಲ್ಲಿ. ಅಲ್ಲಿಂದ ರೈಲು ಹತ್ತಿದರೆ ಸಮುದ್ರದ ಮೇಲಿನ ಸೇತುವೆ ದಾಟಿ ಸ್ವೀಡನ್. ಲಿಂಗನಮಕ್ಕಿ ಹಿನ್ನೀರಿನಲ್ಲಿ ಲಾಂಚಿನ ಮೇಲೆ ಬಸ್ಸು, ಜೀಪು, ಎಮ್ಮೆ, ನೆಂಟರು ಎಲ್ಲರ ಜೊತೆ ನೀರು ದಾಟಿ ಅಭ್ಯಾಸ ಇದ್ದವಳಿಗೆ ಈ ರೈಲಿನ ಜನ ಬಹಳ ಸಪ್ಪೆ ಅನ್ನಿಸಿದರು. ಕಿಟಕಿಯ ಎರಡೂ ಬದಿಗೆ ನೀರೋ ನೀರು, ಒಬ್ಬರಾದರೂ ತಲೆಯೆತ್ತಿ ನೋಡಬೇಕಲ್ಲ! ನಾನು ಸಂಭ್ರಮ ತಾಳಲಾರದೆ ಮನೆಗೆ ವಿಡಿಯೋ ಕಾಲ್ ಮಾಡಿದೆ. ನಮ್ಮನೆಯವರಿಗೆ ಕಿವಿ ಸ್ವಲ್ಪ ಮಂದ. ನಾನು “ಸಮುದ್ರಾ, ಸಮುದ್ರಾ” ಅಂತ ಕೂಗುತ್ತಿದ್ದರೆ ಅವರು “ಎಂತ ಆಯ್ತೇ? ಯಾರಾದ್ರೂ ಬಿದ್ರಾ?” ಅಂತ ಅಲ್ಲಿಂದ ಕೂಗುತ್ತಿದ್ದರು.

ಎದುರಿಗಿದ್ದ ಮುದುಕರೊಬ್ಬರು ತುಂಬಾ ಹೊತ್ತು ಸಹಿಸಿಕೊಂಡು, ಕೊನೆಗೆ ನಗುತ್ತಲೇ ಗಾಜಿನ ಮೇಲಿದ್ದ ಒಂದು ಚಿತ್ರ ತೋರಿಸಿದರು. ತುಟಿಯ ಮೇಲೆ ಬೆರಳಿಟ್ಟ ಚಿತ್ರ. ಅದು ಮಾತಾಡಬಾರದ ಬೋಗಿಯಂತೆ. ರೈಲಿನಲ್ಲಿ ಮಾತಾಡದೇ ಕೂರುವುದಕ್ಕೆ ಅಂತ ಜಾಗ ಬೇರೆ ಮಾಡಿ ಕೊಡುತ್ತಾರೆ ಅಂದರೆ ಏನು ಹೇಳುವುದು! ನಾನು ಫೋನು ಚೀಲದೊಳಗೆ ಹಾಕಿ, ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ಅಕ್ಕನ ಮನೆ

ಅಕ್ಕ ಬಾಗಿಲಿಗೆ ಬಂದಳು. ಮೂಗಿಗೆ ಆಮ್ಲಜನಕದ ಸಣ್ಣ ಕೊಳವೆ, ಕೊಳವೆಯ ಇನ್ನೊಂದು ತುದಿ ಅಡುಗೆಮನೆಯ ಮೂಲೆಯ ಮಿಷನ್ನಿಗೆ. ನಿಟ್ಟೂರಿನ ಕಡೆಯಿಂದ ಕೊಡಚಾದ್ರಿ ಹತ್ತುವಾಗ ನನ್ನ ಚೀಲವನ್ನೂ ತಾನೇ ಹೊತ್ತುಕೊಂಡು, “ಬಾರೇ ಸೋಮಾರಿ” ಅಂತ ಮುಂದೆ ಮುಂದೆ ಓಡಿದವಳು ಇವಳೇ ಅಂದರೆ ಯಾರೂ ನಂಬಲಿಕ್ಕಿಲ್ಲ.

“ಬಂದ್ಯಾ… ಸುಮಾ,” ಅಂದಳು. ಒಂದು ಉಸಿರು ತೆಗೆದುಕೊಂಡಳು. “ಬೂಟು… ಹೊರಗೇ ಬಿಡು. ಈ ವಿಷಯದಲ್ಲಿ… ಇವರೂ ನಮ್ಮ ಹಂಗೇ.”

ನನಗೆ ಅಳು ಬಂತು. ಅಳುವುದನ್ನು ಅವಳು ನೋಡಬಾರದು ಅಂತ ಬಗ್ಗಿ ಬೂಟಿನ ದಾರ ಬಿಚ್ಚುತ್ತಲೇ ಇದ್ದೆ. ಸ್ಟೇಷನ್ನಿನಿಂದ ಕರೆತಂದ ಭಾವ ಹಿಂದಿನಿಂದ, “ನಿಂದು ದಾರ ಇಲ್ಲದ ಬೂಟಲ್ವಾ ಮಾರಾಯ್ತಿ?” ಅಂದುಬಿಟ್ಟರು. ಮೂವರೂ ನಕ್ಕೆವು. ಅಕ್ಕ ನಕ್ಕು ನಕ್ಕು ಕೆಮ್ಮಿದಳು. ಆ ಮನೆಯಲ್ಲಿ ನಗುವುದಕ್ಕೂ ಲೆಕ್ಕ ಇಟ್ಟುಕೊಳ್ಳಬೇಕು ಅಂತ ಆವತ್ತೇ ಗೊತ್ತಾಯಿತು.

ಮಾರನೇ ದಿನ ಪಕ್ಕದ ಮನೆಯ ಗುನಿಲ್ಲಾ ಅನ್ನುವ ಹೆಂಗಸು ನಮ್ಮನ್ನು ಕಾಫಿಗೆ ಕರೆದಳು. ದಾಲ್ಚಿನ್ನಿ ಹಾಕಿದ ಬನ್ನು, ಬಿಸಿಬಿಸಿ, ಮೇಲೆ ಸಕ್ಕರೆ ಹರಳು. ತಟ್ಟೆ ನನ್ನ ಮುಂದೆ ಹಿಡಿದಳು. ನಾನು ಮರ್ಯಾದಸ್ಥೆ, “ಬೇಡ ಬೇಡ, ಈಗಷ್ಟೇ ತಿಂಡಿ ಆಯ್ತು” ಅಂದೆ. ತಟ್ಟೆ ಹೋಯಿತು! ಮತ್ತೆ ಬರಲೇ ಇಲ್ಲ. ಅವರೆಲ್ಲ ಎರಡೆರಡು ತಿಂದರು. ನಾನು ಕಪ್ಪು ಕಾಫಿ ಕುಡಿಯುತ್ತಾ ಆ ತಟ್ಟೆಯನ್ನೇ ನೋಡುತ್ತಾ ಕೂತೆ.

ನಮ್ಮ ತವರು ಹೊಸನಗರದ ಕಡೆಯ ಮದುವೆಯಲ್ಲಿ ಎರಡೂ ಕೈ ಎಲೆಗೆ ಅಡ್ಡ ಹಿಡಿದು ಬೇಡ ಅಂದರೂ, ಬೆರಳ ಸಂದಿಯಲ್ಲೇ ಹೋಳಿಗೆ ಬೀಳಿಸಿ ಹೋಗುತ್ತಾರೆ. ಮೊದಲ ಸಲ ಬೇಡ ಅನ್ನುವುದು ಉಪಚಾರ. ಎರಡನೇ ಸಲ ಬೇಡ ಅನ್ನುವುದು ಸಂಕೋಚ. ಮೂರನೇ ಸಲದ ಬೇಡವೇ ನಿಜವಾದ ಬೇಡ. ಮೊದಲನೇ ಸಲಕ್ಕೇ ಹೂಂ ಅಂದವರನ್ನು ಹೊಟ್ಟೆಬಾಕರು ಅಂತೀವಿ.

“ಇಲ್ಲಿ ಹಂಗಲ್ಲ ಕಣೆ,” ಅಂದಳು ಅಕ್ಕ ಮನೆಗೆ ಬಂದ ಮೇಲೆ. “ಒಂದೇ ಸಲ… ಕೇಳ್ತಾರೆ. ಬೇಕಂದ್ರೆ… ಬೇಕು ಅನ್ನು. ನಾನು ಕಲಿಯಕ್ಕೆ… ಹತ್ತು ವರ್ಷ ಬೇಕಾಯ್ತು.”

ಇಂಗ್ರಿಡ್ ಮತ್ತು ಹಂದಿಯ ಶ್ವಾಸಕೋಶ

ಕಸಿ ವಿಭಾಗದಲ್ಲಿ ಅಕ್ಕನನ್ನು ನೋಡಿಕೊಳ್ಳುವ ನರ್ಸ್ ಇಂಗ್ರಿಡ್. ಸ್ವೀಡನ್ನಿನ ಉತ್ತರದ ತುದಿಯವಳು, ಎತ್ತರದ ಆಳು. ಮೊದಲ ಭೇಟಿಯಲ್ಲಿ ನಾನು “ಕ್ಯಾಂಟೀನು ಇದೇ ಮಹಡಿಯಲ್ಲಿದ್ಯಾ?” ಅಂತ ಇಂಗ್ಲಿಷಿನಲ್ಲಿ ಕೇಳಿದೆ. ಅವಳು ಕಣ್ಣು ಅಗಲಿಸಿ, “ಹ್ಶೂಪ್” ಅಂತ ಗಬಕ್ಕನೆ ಉಸಿರು ಒಳಗೆಳೆದಳು. ನನಗೆ ಗಾಬರಿ. ಈ ಆಸ್ಪತ್ರೆಯ ನರ್ಸಿಗೇ ಉಬ್ಬಸವೇ? ಕೂರಿಸುವುದಕ್ಕೆ ಅಂತ ಕುರ್ಚಿ ಎಳೆದುಕೊಂಡು ಬಂದೆ. ಆಮೇಲೆ ತಿಳಿದದ್ದು, ಅವಳ ಸೀಮೆಯಲ್ಲಿ ಹೌದು ಅನ್ನುವುದೇ ಹಾಗಂತೆ. ಬಾಯಿ ಬಿಟ್ಟು ಹೇಳಲ್ಲ, ಉಸಿರು ಒಳಗೆಳೆದುಕೊಂಡರೆ ಮುಗೀತು. ನಾವು ಹೂಂ ಅಂತ ಉಸಿರು ಹೊರಗೆ ಬಿಡುತ್ತೀವಿ, ಅವರು ಜಿಪುಣರು, ಅದನ್ನೂ ಒಳಗೇ ಇಟ್ಟುಕೊಳ್ಳುತ್ತಾರೆ.

ನಾನು ಜೀವಶಾಸ್ತ್ರದ ಟೀಚರು ಅಂತ ಗೊತ್ತಾದ ಮೇಲೆ ಇಂಗ್ರಿಡ್ ಒಂದು ಉಪಕಾರ ಮಾಡಿದಳು. ಹೊಸದಾಗಿ ಸೇರಿದವರಿಗೆ ಕಸಿಗೆ ಬಂದ ಶ್ವಾಸಕೋಶ ಚೆನ್ನಾಗಿದೆಯೇ ಅಂತ ಪರೀಕ್ಷೆ ಮಾಡುವುದನ್ನು ಕಲಿಸುವ ಒಂದು ತರಬೇತಿ ಇತ್ತು. ಹಿಂದೆ ನಿಂತು ನೋಡುವುದಾದರೆ ಬಾ ಅಂದಳು. ಈ ಸಲ ನಾನು ಮೊದಲನೇ ಸಲ ಕೇಳಿದಾಗಲೇ “ಬರ್ತೀನಿ” ಅಂದೆ.

ಕಸಾಯಿಖಾನೆಯಿಂದ ತಂದ ಹಂದಿಯ ಶ್ವಾಸಕೋಶ. ಸ್ಟೀಲಿನ ಮೇಜು, ಅದರ ಮೇಲೆ ಗಾಜಿನಂತೆ ಪಾರದರ್ಶಕವಾದ ದೊಡ್ಡ ಮುಚ್ಚಳ. ಒಂದು ಕೊಳವೆಯಲ್ಲಿ ಗಾಳಿ, ಇನ್ನೊಂದರಲ್ಲಿ ರಕ್ತದ ಬದಲಿಗೆ ಒಂದು ದ್ರವ. ಕಲಿಸುವವನ ಹೆಸರು ಯೋಹಾನ್, ಗಡ್ಡದವನು, ಜೋಬಿನಲ್ಲಿ ಯಾವಾಗಲೂ ಒಂದು ಕ್ಯಾರೆಟ್ಟು. ತಣ್ಣಗಿದ್ದ ಆ ಶ್ವಾಸಕೋಶ ಮೊದಲು ಒದ್ದೆ ಬಟ್ಟೆಯ ಮುದ್ದೆಯ ಹಾಗೆ ಬಿದ್ದುಕೊಂಡಿತ್ತು. ದ್ರವವನ್ನು ಸ್ವಲ್ಪ ಸ್ವಲ್ಪವೇ ಬಿಸಿ ಮಾಡಿದರು. ಮೈಯ ಬಿಸಿಗೆ ಬಂದಾಗ ಗಾಳಿ ಬಿಟ್ಟರು. ಮಾರಾಯ್ರೇ, ಅದು ಬಾಣಲೆಯ ಪೂರಿಯ ಹಾಗೆ ಉಬ್ಬಿತು! ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು. ದೇಹವೇ ಇಲ್ಲದ ಉಸಿರು. ಇಷ್ಟು ವರ್ಷ ಬೋರ್ಡಿನ ಮೇಲೆ ಗುಲಾಬಿ ಸೀಮೆಸುಣ್ಣದಲ್ಲಿ ಬರೆದದ್ದು ನನ್ನ ಕಣ್ಣೆದುರಿಗೆ ಉಸಿರಾಡುತ್ತಿತ್ತು. ನಾನೂ ಅದರ ಜೊತೆಗೇ ಉಸಿರು ಎಳೆದು ಬಿಡುತ್ತಿದ್ದೇನೆ ಅಂತ ಗೊತ್ತಾದದ್ದು ಯೋಹಾನ್ ನನ್ನ ಕಡೆ ನೋಡಿ ನಕ್ಕಾಗ.

ಅವನು ನನಗೂ ಕೈಗವಸು ಕೊಟ್ಟು ಮುಟ್ಟಲು ಬಿಟ್ಟ. ಬೆರಳ ಕೆಳಗೆ ಗಾಳಿ ಚರಚರ ಅನ್ನುತ್ತದೆ. ಗಂಟು ಸಿಕ್ಕಿದರೆ ಅನುಮಾನ ಪಡಬೇಕು, ನೀರು ತುಂಬಿ ಭಾರ ಆಗಿದ್ದರೆ ಅನುಮಾನ ಪಡಬೇಕು. ಆಮೇಲೆ ಅವನು ಗಾಳಿಯ ಕೊಳವೆ ಕಳಚಿದ. ಒಳ್ಳೆಯ ಶ್ವಾಸಕೋಶ ಸರ್ರನೆ ಕುಗ್ಗುತ್ತದೆ, ಕೆಟ್ಟದ್ದು ಹಟ ಹಿಡಿದು ಉಬ್ಬಿಕೊಂಡೇ ಇರುತ್ತದೆ ಅಂದ. ಮುಖ್ಯವಾದದ್ದು ಕೊನೆಯ ಪರೀಕ್ಷೆ. ಒಳಗೆ ಹೋಗುವ ದ್ರವದಲ್ಲಿ ಆಮ್ಲಜನಕ ಎಷ್ಟು, ಹೊರಗೆ ಬರುವಾಗ ಎಷ್ಟು. ಶ್ವಾಸಕೋಶ ತನ್ನ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಲ್ಲಿ ಗೊತ್ತಾಗುತ್ತದೆ.

“ಎಲ್ಲಾ ಶ್ವಾಸಕೋಶಾನೂ ಹಿಂಗೇ ನೋಡ್ತೀರಾ?” ಅಂತ ಕೇಳಿದೆ.

“ಇಲ್ಲ. ಚೆನ್ನಾಗಿದೆ ಅಂತ ಕಂಡರೆ ನೇರ ಹಾಕ್ತೀವಿ, ಕೆಟ್ಟಿದೆ ಅಂತ ಕಂಡರೆ ಬಿಡ್ತೀವಿ. ಎರಡೂ ಹೇಳಕ್ಕಾಗದೇ ಇರೋದನ್ನ ಇಲ್ಲಿ ತಂದು ಕೆಲವು ಗಂಟೆ ಉಸಿರಾಡಿಸ್ತೀವಿ. ಮೊದಲಾಗಿದ್ರೆ ಅವನ್ನೆಲ್ಲ ಬಿಟ್ಟುಬಿಡ್ತಿದ್ವಿ,” ಅಂದ ಯೋಹಾನ್, ಕ್ಯಾರೆಟ್ಟು ಹೊರತೆಗೆಯುತ್ತಾ.

ಡಾಕ್ಟರ ಕೋಣೆ

ಮುಂದಿನ ವಾರ ಅಕ್ಕನ ಶಸ್ತ್ರವೈದ್ಯೆ ನಮ್ಮನ್ನು ಕರೆಸಿದರು. ಬಿಳಿ ಕೂದಲಿನ, ಮೆಲುಮಾತಿನ ಹೆಂಗಸು. ಅಕ್ಕನ ಎದೆಗೂಡು ಸಣ್ಣದು, ಅದಕ್ಕೆ ಹೊಂದುವ ಶ್ವಾಸಕೋಶ ಅಪರೂಪ, ಕಾಯುವಷ್ಟು ಸಮಯ ಇಲ್ಲ ಅಂತ ನನಗೂ ತಿಳಿಯುವ ಹಾಗೆ ಇಂಗ್ಲಿಷಿನಲ್ಲೇ ನೇರವಾಗಿ ಹೇಳಿದರು. ಆಮೇಲೆ ಕೇಳಿದರು, “ಮೊದಲು ಅನುಮಾನ ಇದ್ದು, ಆಮೇಲೆ ಮಿಷನ್ನಿನಲ್ಲಿ ಪರೀಕ್ಷೆ ಮಾಡಿದಾಗ ಪಾಸಾದ ಶ್ವಾಸಕೋಶ ಬಂದರೆ ಒಪ್ಪುತ್ತೀರಾ? ಪಾಸಾಗದಿದ್ದರೆ ನಾವು ಹಾಕುವುದೇ ಇಲ್ಲ.”

ನನ್ನ ಎದೆ ಹಗುರವಾಯಿತು. ಇದಕ್ಕಿಂತ ಒಳ್ಳೆಯ ಮಾತು ಇನ್ನೇನು ಬೇಕು?

ಅಕ್ಕ ಸೆರಗು ಸರಿಮಾಡಿಕೊಳ್ಳುವ ಹಾಗೆ ಸ್ವೆಟರಿನ ಅಂಚು ಎಳೆದುಕೊಂಡು ಹೇಳಿದಳು, “ಪರವಾಗಿಲ್ಲ… ಬೇಡ. ನಂಗಿಂತ… ಚಿಕ್ಕವರು ಇದಾರೆ. ಅವರಿಗೆ… ಮೊದ್ಲು ಕೊಡಿ.”

ಡಾಕ್ಟರು ಗಂಭೀರವಾಗಿ ತಲೆಯಾಡಿಸಿದರು. “ನಿಮ್ಮ ತೀರ್ಮಾನವನ್ನು ಗೌರವಿಸುತ್ತೇವೆ,” ಅಂದರು. ಇಂಗ್ರಿಡ್ ಕಂಪ್ಯೂಟರಿನಲ್ಲಿ ಅದನ್ನು ಟೈಪ್ ಮಾಡಲು ಶುರುಮಾಡಿದಳು. ಡಾಕ್ಟರು ಎದ್ದು ಕೈಕುಲುಕಲು ಕೈ ಚಾಚಿದರು. ಭಾವನ ಮುಖ ಬಿಳಿಚಿಕೊಂಡಿತ್ತು. ಅವರು ಇಷ್ಟು ವರ್ಷ ಅಲ್ಲೇ ಇದ್ದವರು, ಅಲ್ಲಿಯವರಂತೆಯೇ ಹೆಂಡತಿಯ ಮಾತಿಗೆ ಎದುರಾಡದೆ ಕೂತಿದ್ದರು.

ನನಗೆ ಸಿಟ್ಟು ನೆತ್ತಿಗೇರಿತು. ಇವಳಿಗೆ ಬದುಕುವ ಆಸೆ ಇಲ್ಲವೇ? ಹಿಂದಿನ ದಿನವಷ್ಟೇ ಮುಂದಿನ ಬೇಸಿಗೆಗೆ ಊರಿಗೆ ಬಂದು ಹೊನ್ನೆಮರಡಿನ ನೀರಿನಲ್ಲಿ ಕಾಲು ಇಳಿಬಿಟ್ಟು ಕೂರಬೇಕು ಅಂದಿದ್ದಳು. ಆಸೆ ಇದೆ. ಆದರೆ ಸತ್ತವರೊಬ್ಬರ ಶ್ವಾಸಕೋಶವನ್ನು ಮುಂದೆ ಹಿಡಿದು ‘ಬೇಕಾ’ ಅಂದಾಗ, ಹತ್ತು ವರ್ಷ ಕಲಿತ ಸ್ವೀಡನ್ನಿನ ನಡತೆ ಎಲ್ಲ ಮರೆತು, ಹೊಸನಗರದ ಪಂಕ್ತಿಯಲ್ಲಿ ಕೂತ ಹೆಣ್ಣುಮಗಳಾಗಿಬಿಟ್ಟಿದ್ದಳು.

“ಡಾಕ್ಟರೇ, ಕೂತ್ಕೊಳ್ಳಿ,” ಅಂದೆ ನಾನು ನನ್ನ ಹರುಕು ಇಂಗ್ಲಿಷಿನಲ್ಲಿ. “ನಮ್ಮೂರಲ್ಲಿ ಮೊದಲನೇ ಬೇಡ ಅಂದ್ರೆ ಬೇಡ ಅಲ್ಲ. ಅದು ಮರ್ಯಾದೆ. ಇನ್ನೊಂದು ಸಲ ಕೇಳ್ಬೇಕು.”

“ಸುಮಾ,” ಅಂದಳು ಅಕ್ಕ ಕನ್ನಡದಲ್ಲಿ, “ಮಾನ ತೆಗೀಬೇಡ್ವೇ.”

“ನೀನು ಸುಮ್ನಿರು. ಪ್ರಾಣಕ್ಕಿಂತ ಮಾನ ದೊಡ್ಡದಾ?”

ಡಾಕ್ಟರು ಕೂತರು. “ನಾನು ಒತ್ತಾಯ ಮಾಡುವ ಹಾಗಿಲ್ಲ. ಒಪ್ಪಿಗೆ ಅವರದ್ದೇ ಆಗಿರಬೇಕು.”

“ಒತ್ತಾಯ ಬೇಡ. ಬರೀ ಕೇಳಿ.”

“ಎಷ್ಟು ಸಲ?”

“ಮೂರು,” ಅಂದೆ. ಇಂಗ್ರಿಡ್ ಟೈಪ್ ಮಾಡುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

ಡಾಕ್ಟರು ಎರಡನೇ ಸಲ ಕೇಳಿದರು. ಅಕ್ಕ ಉಗುರು ನೋಡಿಕೊಳ್ಳುತ್ತಾ, “ನಂಗೆ ಕೊಟ್ರೆ… ಯಾರಿಗೋ ಇಲ್ದಂಗಾಗುತ್ತಲ್ಲ,” ಅಂದಳು. ಸಂಕೋಚದ ಮೆಟ್ಟಿಲಿಗೆ ಬಂದಿದ್ದಳು.

“ಯಾರಿಗೆ ಹೆಚ್ಚು ಅಗತ್ಯ, ಯಾರಿಗೆ ಹೊಂದುತ್ತದೆ ಅಂತ ನೋಡಿಯೇ ಕೊಡುವುದು. ಆ ಯೋಚನೆ ನಮ್ಮ ಕೆಲಸ, ನಿಮ್ಮದಲ್ಲ,” ಅಂದು ಡಾಕ್ಟರು ನನ್ನನ್ನೂ ಭಾವನನ್ನೂ ಹೊರಗೆ ಹೋಗಲು ಹೇಳಿದರು. ಮೂರನೇ ಸಲ ಅಕ್ಕನೊಬ್ಬಳನ್ನೇ ಕೂರಿಸಿಕೊಂಡು ಕೇಳಬೇಕಂತೆ.

ಹೊರಗೆ ಭಾವ ನನ್ನ ಕೈ ಹಿಡಿದುಕೊಂಡರು. ಅಕ್ಕನನ್ನು ಮದುವೆಯಾದ ಮೇಲೆ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. “ನಾನು ಕೇಳ್ಬೇಕಿತ್ತು ಸುಮಾ,” ಅಂದರು.

ಬಾಗಿಲು ತೆರೆಯಿತು. ಅಕ್ಕನ ಕಣ್ಣು ಕೆಂಪಾಗಿತ್ತು.

“ಬೇಕು… ಅಂದೆ,” ಅಂದಳು. “ನಂಗೆ ಬೇಕು ಅಂದೆ ಕಣೆ.”

ತನಗೆ ಬೇಕು ಅಂತ ಅಕ್ಕ ಬಾಯಿಬಿಟ್ಟು ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನಾನು ಅತ್ತುಬಿಟ್ಟೆ, ಈ ಸಲ ಯಾವ ಬೂಟಿನ ನೆಪವೂ ಹುಡುಕಲಿಲ್ಲ.

ಎರಡು ಕರೆಗಳು

ಶ್ವಾಸಕೋಶ ಸಿಕ್ಕಿದೆ ಅಂತ ಆಸ್ಪತ್ರೆಯ ಮೊದಲ ಕರೆ ಬಂದದ್ದು ಬೆಳಗ್ಗೆ. ನಾನು ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ಕೈಯ ಹಿಟ್ಟು ತೊಳೆಯದೇ ಕಾರು ಹತ್ತಿದೆ. ಆಸ್ಪತ್ರೆಯಲ್ಲಿ ಅಕ್ಕನನ್ನು ತಯಾರು ಮಾಡುತ್ತಿರುವಾಗಲೇ ಸುದ್ದಿ ಬಂತು. ಶ್ವಾಸಕೋಶ ತರಲು ಬೇರೆ ಊರಿಗೆ ಹೋಗಿದ್ದ ತಂಡ ಅದರ ಕೊಳವೆಯೊಳಗೆ ಸಣ್ಣ ಕ್ಯಾಮೆರಾ ಬಿಟ್ಟು ನೋಡಿತ್ತು, ಕೈಯಿಂದ ಮುಟ್ಟಿಯೂ ನೋಡಿತ್ತು. ಒಳಗೆ ಸೋಂಕು. ಆಗಲ್ಲ. ನಾವು ಮನೆಗೆ ವಾಪಸ್.

“ಪರವಾಗಿಲ್ಲ,” ಅಂದಳು ಅಕ್ಕ ಕಾರಿನಲ್ಲಿ. “ಕೆಟ್ಟದ್ದು… ಬಡಿಸಲಿಲ್ಲವಲ್ಲ. ಒಲೆ… ಆರ್ಸಿದ್ಯಾ?” ಒಲೆಯನ್ನೇನೋ ಆರಿಸಿದ್ದೆ. ಆದರೆ ತಟ್ಟಿಟ್ಟ ರೊಟ್ಟಿ ಒಣಗಿ ಹಪ್ಪಳವಾಗಿತ್ತು. ಅದನ್ನೇ ಕಾಯಿಸಿ, ನಾನು ತೀರ್ಥಹಳ್ಳಿಯಿಂದ ತಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿ ನೆಂಚಿಕೊಂಡು ಮೂವರೂ ತಿಂದೆವು.

ಎರಡನೇ ಕರೆ ಒಂದು ಮಧ್ಯಾಹ್ನ. ಈ ಸಲದ್ದು ಅನುಮಾನದ ಶ್ವಾಸಕೋಶ, ಮಿಷನ್ನಿಗೆ ಹಾಕುತ್ತಾರಂತೆ. ಅಕ್ಕ ಹಾಸಿಗೆಯ ಮೇಲೆ, ಭಾವ ಕಿಟಕಿಯ ಹತ್ತಿರ, ನಾನು ಇಬ್ಬರ ನಡುವೆ. ಅದೇ ಕಟ್ಟಡದ ಇನ್ನೊಂದು ಮಹಡಿಯಲ್ಲಿ, ಮುಚ್ಚಳದ ಕೆಳಗೆ, ಯಾರದ್ದೋ ಶ್ವಾಸಕೋಶ ಉಬ್ಬಿ ಇಳಿಯುತ್ತಿದೆ ಅಂತ ನನಗೆ ಗೊತ್ತಿತ್ತು. ಯೋಹಾನನ ಕೈ ಈಗ ಎಲ್ಲಿದೆ? ಗಂಟು ಸಿಕ್ಕಿತೇ? ಹಂದಿಯದನ್ನು ನೋಡಬಾರದಿತ್ತು ಅನ್ನಿಸಿತು. ಏನೂ ಗೊತ್ತಿಲ್ಲದಿದ್ದರೆ ಸುಮ್ಮನೆ ದೇವರ ಹೆಸರು ಹೇಳುತ್ತಾ ಕೂರಬಹುದಿತ್ತು. ಭಾವ ಹೊರಗಿನ ಕಡಲಹಕ್ಕಿಗಳ ಹೆಸರು ಒಂದೊಂದಾಗಿ ಹೇಳುತ್ತಿದ್ದರು, ನಾವಿಬ್ಬರೂ ಹೂಂಗುಟ್ಟುತ್ತಿದ್ದೆವು.

ಹೊತ್ತು ಇಳಿಯಿತು. ಇಂಗ್ರಿಡ್ ಒಳಗೆ ಬಂದಳು.

“ಚೆನ್ನಾಗಿದೆಯಾ?” ಅಂತ ಕೇಳಿದೆ.

ಅವಳು ಕಣ್ಣು ಅಗಲಿಸಿ, “ಹ್ಶೂಪ್” ಅಂತ ಉಸಿರು ಒಳಗೆಳೆದಳು.

ವಾರ್ಡು

ಐಸಿಯುವಿನಿಂದ ವಾರ್ಡಿಗೆ ಬಂದ ದಿನ ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಸ್ವರ ಇನ್ನೂ ಗೊಗ್ಗರು. ಮೂಗಿನಲ್ಲಿ ಕೊಳವೆ ಇಲ್ಲ. ನೀಲಿಗಟ್ಟಿದ್ದ ತುಟಿ ಕೆಂಪಾಗಿತ್ತು, ನಾನು ಮತ್ತೆ ಮತ್ತೆ ಅದನ್ನೇ ನೋಡಿದೆ.

“ಭಾವ, ಇವಳ್ಯಾಕೆ ನನ್ನನ್ನ ಪ್ರಯೋಗಶಾಲೆ ಕಪ್ಪೆ ನೋಡ್ದಂಗೆ ನೋಡ್ತಿದಾಳೆ ಅಂತ ಕೇಳಿ,” ಅಂದಳು. ಭಾವ ಅಂತ ಕರೆದದ್ದು ನನ್ನನ್ನು ಅಣಕಿಸುವುದಕ್ಕೆ. ಉಸಿರಿಗೆ ಅಂತ ನಡುವೆ ಎಲ್ಲೂ ನಿಲ್ಲಿಸಲಿಲ್ಲ. ಭಾವ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಆಮೇಲೆ ಅಕ್ಕ ಕೇಳಿದಳು, “ಶ್ವಾಸಕೋಶ ಕೊಟ್ಟೋರು ತೀರ್ಕೊಂಡಿದ್ದು ಆಪರೇಷನ್ನಿನ ಹಿಂದಿನ ದಿನ ಇರ್ಬೇಕು ಅಲ್ದಾ?”

“ಇರ್ಬಹುದು. ಯಾಕೆ?”

“ಹಂಗಾರೆ ಸೂತಕ ಇನ್ನೂ ಮುಗ್ದಿಲ್ಲ.”

“ಯಾರಿಗೆ ಸೂತಕ?”

“ನಂಗೆ ಕಣೆ,” ಅಂದಳು. “ಆ ಮನೆ ಉಸಿರು ನನ್ನೊಳಗೆ ಇದೆ. ನಂಗೆ ಸೂತಕ ಇಲ್ದೇ ಇನ್ಯಾರಿಗೆ?”

ವಿಜ್ಞಾನದ ಟೀಚರಾಗಿ ನಾನು ಏನಾದರೂ ಹೇಳಬೇಕಿತ್ತು. ಆದರೆ ಅವಳು ಹೇಳಿದ್ದು ಸರಿ ಅಂತಲೇ ನನಗೆ ಅನ್ನಿಸಿತು.

ಅಷ್ಟರಲ್ಲಿ ಇಂಗ್ರಿಡ್ ಊಟದ ತಟ್ಟೆ ತಂದಳು. ಅಕ್ಕ ಆಲೂಗಡ್ಡೆ ತಿಂದಳು, ಸೂಪು ಕುಡಿದಳು, ಕೆಂಪು ಹಣ್ಣಿನ ಸಿಹಿಯ ಬಟ್ಟಲನ್ನು ಮಾತ್ರ ಪಕ್ಕಕ್ಕೆ ಸರಿಸಿದಳು. ಇಂಗ್ರಿಡ್‌ಗೆ ಚಿಂತೆಯಾಯಿತು. ವಾಕರಿಕೆಯೇ, ಔಷಧಿ ಜಾಸ್ತಿಯಾಯಿತೇ ಅಂತ ವಿಚಾರಿಸಿದಳು.

“ಅದೆಲ್ಲ ಏನೂ ಇಲ್ಲ,” ಅಂದಳು ಅಕ್ಕ ಅವಳ ಭಾಷೆಯಲ್ಲಿ. ಅವರಿಬ್ಬರ ಮಾತನ್ನು ಭಾವ ಆಮೇಲೆ ನನಗೆ ಕನ್ನಡದಲ್ಲಿ ಹೇಳಿದರು. ಅಕ್ಕ ಮುಂದುವರಿಸಿದಳು, “ನಮ್ಮಲ್ಲಿ ಮನೆಯಲ್ಲಿ ಸಾವಾದರೆ ಹತ್ತು ದಿನ ಸಿಹಿ ತಿನ್ನುವುದಿಲ್ಲ.”

ಇಂಗ್ರಿಡ್ ಕುರ್ಚಿ ಎಳೆದು ಕೂತು ಅಕ್ಕನ ಕೈ ಹಿಡಿದುಕೊಂಡಳು. “ಅಯ್ಯೋ, ನಮಗೆ ಯಾರೂ ಹೇಳಲಿಲ್ಲ. ತೀರಿಕೊಂಡದ್ದು ಯಾರು?”

“ನಮ್ಮ ಮನೆಯವರೇ,” ಅಂದಳು ಅಕ್ಕ. “ಹೆಸರು ಹೇಳಬಾರದು ಅಂತ ನೀವೇ ಅಂದಿದ್ದೀರಲ್ಲ.”

ಇಂಗ್ರಿಡ್ ಅಕ್ಕನ ಕೈಯನ್ನು ಮೆಲ್ಲಗೆ ಒತ್ತಿದಳು. ಆಮೇಲೆ ಎದ್ದು ಆ ಬಟ್ಟಲು ತೆಗೆದುಕೊಂಡು ಹೋದಳು. ಸೂತಕ ಕಳೆಯುವವರೆಗೆ ಅಕ್ಕನ ತಟ್ಟೆಯಲ್ಲಿ ಸಿಹಿ ಬರಲಿಲ್ಲ.